ಕಾಸು ಕೊಟ್ಟು ಕೊಂಡ ಕೊಂಡಿ

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬೇರೆಯೇ ಜಿಲ್ಲೆ. ಜಿಲ್ಲಾಧಿಕಾರಿಯ ಕಚೇರಿ ತುಮಕೂರಿನಲ್ಲಿ, ಶಾಲೆಗಳ ಉಪನಿರ್ದೇಶಕರ ಕಚೇರಿ ಮಧುಗಿರಿಯಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಚಿಕ್ಕೋಡಿ, ಶಿರಸಿಗಳ ಹಾಗೆ ಮಧುಗಿರಿಯ ಹೆಸರೂ ಪ್ರತ್ಯೇಕವಾಗಿ ಕಾಣುವುದು ಇದೇ ಕಾರಣಕ್ಕೆ. ಪಟ್ಟಿಯಲ್ಲಿ ಮಧುಗಿರಿ ಎಷ್ಟನೇ ಸ್ಥಾನಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು ಎಂಬ ಚರ್ಚೆ ಪ್ರತಿ ವರ್ಷವೂ ಈ ನಾಲ್ಕು ಊರಿನ ಹೋಟೆಲುಗಳಲ್ಲಿ ಎರಡು ದಿನ ನಡೆಯುತ್ತದೆ. ಮೂರನೆಯ ದಿನದಿಂದ ಮನೆಮನೆಯಲ್ಲೂ ಬೇರೆ ಚರ್ಚೆ ಶುರು: ಮುಂದೇನು? ಯಾವ ಕಾಲೇಜು? ಯಾವ ಕೋಚಿಂಗು?

ಹಿಂದೆ ಈ ಪ್ರಶ್ನೆಗೆ ಉತ್ತರ ಹೇಳಲು ಊರಿನಲ್ಲಿ ಒಬ್ಬರಲ್ಲ ಒಬ್ಬರು ಇರುತ್ತಿದ್ದರು. ಹೈಸ್ಕೂಲಿನ ಗಣಿತದ ಮೇಷ್ಟ್ರು, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಬಂದ ಸೋದರಮಾವ, ಪೋಸ್ಟಾಫೀಸಿನ ಗುಮಾಸ್ತರು. ಈಗ ಆ ಪ್ರಶ್ನೆಯನ್ನು ಮೊದಲು ಕೇಳುವುದು ಕೈಯಲ್ಲಿರುವ ಫೋನನ್ನು. ಕಡಲೆಕಾಯಿ ಹೊಲದ ಬದುವಿನಲ್ಲಿ ನಿಂತೇ ಮಗ ನಾಲ್ಕು ಪದ ಒತ್ತುತ್ತಾನೆ. ಅಪ್ಪ ಪಕ್ಕದಲ್ಲಿ ಇಣುಕುತ್ತಾರೆ. ಕ್ಷಣಾರ್ಧದಲ್ಲಿ ಹತ್ತು ಹೆಸರು ಬಂದು ನಿಲ್ಲುತ್ತವೆ. ಮೊದಲು ಬಂದ ಹೆಸರು ಮನಸ್ಸಿನಲ್ಲೂ ಮೊದಲು ಕೂರುತ್ತದೆ. ಎರಡನೇ ಪುಟಕ್ಕೆ ಹೋಗುವ ತಾಳ್ಮೆ ಬಹಳ ಮಂದಿಗೆ ಇರುವುದಿಲ್ಲ.

ಆದರೆ ಆ ಹೆಸರು ಮೊದಲು ಬಂದದ್ದು ಹೇಗೆ? ಅಲ್ಲಿ ಪಾಠ ಚೆನ್ನಾಗಿದೆ ಎಂದೇ? ಯಂತ್ರಕ್ಕೆ ಪಾಠ ಕೇಳುವ ಕಿವಿ ಇಲ್ಲ. ಅದು ನೋಡುವ ಹಲವು ಗುರುತುಗಳಲ್ಲಿ ಹಳೆಯದೂ ಹೆಸರಾದದ್ದೂ ಒಂದು: ಬೇರೆ ಜಾಲತಾಣಗಳು ಈ ತಾಣದತ್ತ ಎಷ್ಟು ಕೈ ತೋರಿಸುತ್ತಿವೆ, ಕೈ ತೋರಿಸುತ್ತಿರುವವರು ಎಂಥವರು ಎಂಬುದು. ಹೀಗೆ ಒಂದು ಪುಟ ಇನ್ನೊಂದು ಪುಟದತ್ತ ತೋರಿಸುವ ಕೈಗೇ ಕೊಂಡಿ ಎಂದು ಹೆಸರು. ಬಾಯಿಮಾತಿನಲ್ಲಿ ಎಲ್ಲರೂ ಹೇಳುವುದು ಲಿಂಕು. ಈ ಕೊಂಡಿಗಳು ಸಂತೆಯಲ್ಲಿ ಸೊಪ್ಪು ಮಾರಿದಂತೆ ಮಾರಾಟವಾಗುತ್ತವೆ ಎಂಬುದು ಇಲ್ಲಿನ ವಿಷಯ.

ಕೊಂಡಿಗೆ ಇಷ್ಟು ಬೆಲೆ ಬಂದದ್ದರ ಹಿಂದೆ ಗ್ರಂಥಾಲಯದ ವಿದ್ಯೆಯೊಂದಿದೆ. ವಿಜ್ಞಾನಿಗಳು ಪ್ರಬಂಧ ಬರೆಯುವಾಗ ಹಿಂದಿನವರ ಪ್ರಬಂಧಗಳನ್ನು ಉಲ್ಲೇಖಿಸುತ್ತಾರೆ. ಯಾವ ಪ್ರಬಂಧವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂದು ಎಣಿಸಿದರೆ ಅದರ ತೂಕ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಇಂಥ ಉಲ್ಲೇಖಗಳ ಸೂಚಿಯನ್ನೇ ಪ್ರಕಟಿಸತೊಡಗಿದರು. ಮುಂದೆ 1990ರ ದಶಕದ ಉತ್ತರಾರ್ಧದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೈ ಬ್ರಿನ್, ಅದೇ ವಿದ್ಯೆಯನ್ನು ಅಂತರಜಾಲಕ್ಕೆ ಹಚ್ಚಿದರು. ಆಗಿನ ಶೋಧಯಂತ್ರಗಳು ಹೆಚ್ಚಾಗಿ ಪುಟದೊಳಗಿನ ಪದಗಳನ್ನೇ ನೋಡುತ್ತಿದ್ದವು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದು ಅವುಗಳ ಕಣ್ಣಿಗೆ ಮಣ್ಣೆರಚುವ ಜಾಣರಿದ್ದರು. ಪೇಜ್ ಮತ್ತು ಬ್ರಿನ್ ಹೇಳಿದ್ದು ಇಷ್ಟೇ: ಪುಟ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ನಂಬುವುದಕ್ಕಿಂತ ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆಂದು ನೋಡುವುದು ಮೇಲು. ಈ ಲೆಕ್ಕಕ್ಕೆ ಪೇಜ್‌ರ್‍ಯಾಂಕ್ ಎಂದು ಹೆಸರಿಟ್ಟರು. 1998ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿ ಹುಟ್ಟಿತು.

ಲೆಕ್ಕ ನೋಡಲು ಕಷ್ಟವೇನಿಲ್ಲ. ಹತ್ತನೇ ತರಗತಿಯ ಬೀಜಗಣಿತ ಬಂದರೆ ಸಾಕು. ನಾಲ್ಕು ಊರಿಗೆ ನಾಲ್ಕು ಕಾಲೇಜು, ನಾಲ್ಕಕ್ಕೂ ಒಂದೊಂದು ಜಾಲತಾಣ ಎಂದಿಟ್ಟುಕೊಳ್ಳಬಹುದು. ಎಲ್ಲವೂ ಕಾಲ್ಪನಿಕ, ಇರುವ ಯಾವ ಕಾಲೇಜಿಗೂ ಸಂಬಂಧವಿಲ್ಲ. ಶಿರಾದ ತಾಣದಲ್ಲಿ ಮಧುಗಿರಿಯ ತಾಣಕ್ಕೆ ಮಾತ್ರ ಕೊಂಡಿ ಇದೆ. ಕೊರಟಗೆರೆಯದರಲ್ಲೂ ಅಷ್ಟೇ. ಪಾವಗಡದ ತಾಣ ಮಧುಗಿರಿಗೂ ಶಿರಾಕ್ಕೂ ಕೈ ತೋರಿಸುತ್ತದೆ. ಮಧುಗಿರಿಯ ತಾಣದಲ್ಲಿ ಶಿರಾ, ಕೊರಟಗೆರೆ ಎರಡಕ್ಕೂ ಕೊಂಡಿಗಳಿವೆ. ಪಾವಗಡದತ್ತ ಮಾತ್ರ ಯಾರೂ ಕೈ ತೋರಿಸಿಲ್ಲ. ಪಾವಗಡದವರು ಬೇಸರಿಸಬಾರದು, ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕಿಗೆ ಈ ಅನುಭವ ಹೊಸದೂ ಅಲ್ಲ.

ಈ ನಾಲ್ಕು ತಾಣಗಳಲ್ಲಿ ಒಬ್ಬ ಅಲೆಮಾರಿಯನ್ನು ಬಿಡಬೇಕು. ಅವನಿಗೆ ಗೊತ್ತುಗುರಿ ಇಲ್ಲ. ಬಸ್ ನಿಲ್ದಾಣದಲ್ಲಿ ಬೋರ್ಡು ನೋಡದೆ ಸಿಕ್ಕ ಬಸ್ಸು ಹತ್ತುವವನ ಹಾಗೆ, ಇದ್ದ ಪುಟದಲ್ಲಿ ಯಾವ ಕೊಂಡಿ ಸಿಕ್ಕಿದರೆ ಅದನ್ನು ಒತ್ತಿ ಮುಂದಿನ ಪುಟಕ್ಕೆ ಹೋಗುತ್ತಾನೆ. ನೂರಕ್ಕೆ 85 ಸಲ ಹೀಗೆ. ಉಳಿದ 15 ಸಲ ಬೇಸರ ಬಂದು ನಾಲ್ಕರಲ್ಲಿ ಯಾವುದಾದರೊಂದಕ್ಕೆ ನೇರ ಹಾರುತ್ತಾನೆ. 85 ಎಂಬುದು ಪೇಜ್ ಮತ್ತು ಬ್ರಿನ್ ತಮ್ಮ ಪ್ರಬಂಧದಲ್ಲೇ ಬಳಸಿದ ಅಂಕಿ. ಇವನು ದಿನವಿಡೀ, ತಿಂಗಳಿಡೀ ಅಲೆದರೆ ಯಾವ ಪುಟದಲ್ಲಿ ಎಷ್ಟು ಹೊತ್ತು ಕಳೆದಾನು? ಅದೇ ಆ ಪುಟದ ತೂಕ. ನಾಲ್ಕು ಸಮೀಕರಣ ಬರೆದು ಬಿಡಿಸಿದರೆ, ನೂರು ಗಂಟೆಯಲ್ಲಿ ಸುಮಾರು 47 ಗಂಟೆ ಮಧುಗಿರಿಯಲ್ಲಿ, 25 ಶಿರಾದಲ್ಲಿ, 24 ಕೊರಟಗೆರೆಯಲ್ಲಿ, 4 ಪಾವಗಡದಲ್ಲಿ ಎಂದು ಉತ್ತರ ಬರುತ್ತದೆ. ಕೊರಟಗೆರೆಗೆ ಇರುವುದು ಒಂದೇ ಕೊಂಡಿ. ಆದರೆ ಅದು ತೂಕದ ಮಧುಗಿರಿಯಿಂದ ಬಂದದ್ದು, ಹಾಗಾಗಿ 24. ನಾಲ್ಕು ಮಂದಿ ದಾರಿಹೋಕರು ಹೇಳುವುದಕ್ಕಿಂತ ಒಬ್ಬ ಹೆಡ್‌ಮಾಸ್ಟರು ಹೇಳಿದ್ದಕ್ಕೆ ಬೆಲೆ ಹೆಚ್ಚು ಎಂಬ ಹಳ್ಳಿಯ ತಿಳಿವಳಿಕೆಯೇ ಇಲ್ಲಿ ಗಣಿತವಾಗಿದೆ.

ಈಗ ಪಾವಗಡದ ತಾಣದವರು ಒಂದು ಕೆಲಸ ಮಾಡುತ್ತಾರೆ. ಮಧುಗಿರಿಯ ತಾಣ ನೋಡಿಕೊಳ್ಳುವವನನ್ನು ಹಿಡಿದು, ಕೈಬೆಚ್ಚಗೆ ಮಾಡಿ, ಪುಟದ ಮೂಲೆಯಲ್ಲಿ ತಮ್ಮದೊಂದು ಕೊಂಡಿ ಹಾಕಿಸುತ್ತಾರೆ. ಒಂದೇ ಒಂದು ಕೊಂಡಿ. ಲೆಕ್ಕವನ್ನು ಮತ್ತೆ ಮಾಡಿದರೆ ಮಧುಗಿರಿ 44, ಶಿರಾ 23, ಕೊರಟಗೆರೆ 16, ಪಾವಗಡವೂ 16. ದಶಮಾಂಶ ಬಿಟ್ಟದ್ದರಿಂದ ಕೂಡಿದರೆ ಒಂದು ಕಡಿಮೆ ಬರುತ್ತದೆ, ಅದಿರಲಿ. ಪಾವಗಡ 4ರಿಂದ 16ಕ್ಕೆ ಜಿಗಿಯಿತು, ನಾಲ್ಕು ಪಟ್ಟು. ಯಾರೂ ಗಮನಿಸದ ಅಂಕಿ ಕೊರಟಗೆರೆಯದು. 24 ಇದ್ದದ್ದು 16ಕ್ಕೆ ಇಳಿದಿದೆ, ಮೂರರಲ್ಲಿ ಒಂದು ಪಾಲು ಹೋಯಿತು. ಕೊರಟಗೆರೆಯವರು ಯಾವ ತಪ್ಪೂ ಮಾಡಲಿಲ್ಲ. ಅವರ ಮೇಷ್ಟ್ರುಗಳು ಪಾಠ ನಿಲ್ಲಿಸಲಿಲ್ಲ, ಪ್ರಯೋಗಾಲಯದ ಬಾಗಿಲು ಮುಚ್ಚಲಿಲ್ಲ. ವ್ಯಾಪಾರ ನಡೆದದ್ದು ಬೇರೆ ಇಬ್ಬರ ನಡುವೆ, ನಷ್ಟ ಮೂರನೆಯವನಿಗೆ. ಅವನಿಗೆ ಅದು ಗೊತ್ತಾಗುವುದೂ ಇಲ್ಲ. ಈ ವರ್ಷ ಯಾಕೋ ಅರ್ಜಿ ಕಡಿಮೆ ಬಂದವು ಎಂದುಕೊಂಡು ಸುಮ್ಮನಾಗುತ್ತಾನೆ.

ಇಲ್ಲಿ ಒಂದು ವಿಶೇಷವಿದೆ. ಕೊಂಡಿಗಳನ್ನು ಜನ ಕೊಂಡಾರು ಎಂಬುದು ಪೇಜ್ ಮತ್ತು ಬ್ರಿನ್‌ಗೆ ಹೊಳೆಯದೆ ಇರಲಿಲ್ಲ. ಪೇಜ್‌ರ್‍ಯಾಂಕ್ ಕುರಿತ ಮೊದಲ ಬರಹದಲ್ಲೇ ಅವರು ಅದನ್ನು ಎತ್ತಿದ್ದರು. ಆದರೆ ಮುಖ್ಯ ತಾಣಗಳಲ್ಲಿ ಕೊಂಡಿ ಕೊಳ್ಳಲು ದುಡ್ಡು ಬೇಕು, ದುಡ್ಡು ಬೇಕಾದ್ದರಿಂದಲೇ ಅದು ಹತೋಟಿಯಲ್ಲಿರುತ್ತದೆ ಎಂದು ಭಾವಿಸಿದ್ದರು. ಇಪ್ಪತ್ತೈದರ ಆಸುಪಾಸಿನ ಹುಡುಗರ ಭೋಳೇತನ ಎನ್ನಬೇಕು. ದುಡ್ಡು ಬೇಕಾದ ಕೆಲಸಕ್ಕೆ ದುಡ್ಡಿದ್ದವರು ಬಂದೇ ಬರುತ್ತಾರೆ ಎಂಬುದು ಯಾವ ಸಂತೆಯ ದಲ್ಲಾಳಿಯನ್ನು ಕೇಳಿದ್ದರೂ ತಿಳಿಯುತ್ತಿತ್ತು.

ಬಂದೂಬಿಟ್ಟರು. 2002ರಲ್ಲಿ ಅಮೆರಿಕದ ಒಕ್ಲಹೋಮ ರಾಜ್ಯದ ಸರ್ಚ್‌ಕಿಂಗ್ ಎಂಬ ಸಂಸ್ಥೆ, ಹೆಚ್ಚು ತೂಕದ ತಾಣಗಳಲ್ಲಿ ಕೊಂಡಿ ಕೊಡಿಸುವ ದಲ್ಲಾಳಿ ವ್ಯಾಪಾರವನ್ನು ಬಹಿರಂಗವಾಗಿಯೇ ಆರಂಭಿಸಿತು. ಸ್ವಲ್ಪ ಕಾಲದಲ್ಲೇ ಅದರ ಸ್ವಂತ ತಾಣದ ತೂಕ ಗೂಗಲ್ಲಿನ ತಕ್ಕಡಿಯಲ್ಲಿ ಕುಸಿಯಿತು. ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2003ರ ಮೇ ತಿಂಗಳಲ್ಲಿ ತೀರ್ಪು ಬಂತು: ಪೇಜ್‌ರ್‍ಯಾಂಕ್ ಎಂಬುದು ಗೂಗಲ್ಲಿನ ಅಭಿಪ್ರಾಯ; ಅಭಿಪ್ರಾಯ ಹೇಳುವ ಸ್ವಾತಂತ್ರ್ಯಕ್ಕೆ ಅಮೆರಿಕದ ಸಂವಿಧಾನದ ರಕ್ಷಣೆ ಇದೆ. ದಾವೆ ವಜಾ ಆಯಿತು.

ಗೂಗಲ್ ನಿಯಮ ಸರಳವಾಗಿದೆ. ಕೊಂಡಿಯನ್ನು ಕೊಳ್ಳುವುದು, ಮಾರುವುದು ತಪ್ಪಲ್ಲ. ಜಾಹೀರಾತೆಂದ ಮೇಲೆ ಕೊಂಡಿ ಇದ್ದೇ ಇರುತ್ತದೆ. ಆದರೆ ಕಾಸಿಗೆ ಹಾಕಿದ ಕೊಂಡಿ ಶಿಫಾರಸಿನ ವೇಷ ಹಾಕಬಾರದು. ಪುಟ ಓದುವವನ ಕಣ್ಣಿಗೆ ಕಾಣದಂತೆ ಕೊಂಡಿಯ ಹಿಂದೆ ಒಂದು ಗುರುತು ಬರೆಯಬಹುದು. 2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಒಪ್ಪಿಕೊಂಡ ಆ ಗುರುತಿನ ಹೆಸರು ನೋಫಾಲೋ. ಈ ಕೊಂಡಿಯನ್ನು ತೂಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಹೇಳುವ ಚೀಟಿ ಅದು. 2019ರಲ್ಲಿ ಕಾಸು ಕೊಟ್ಟ ಕೊಂಡಿಗೆಂದೇ ಸ್ಪಾನ್ಸರ್ಡ್ ಎಂಬ ಇನ್ನೊಂದು ಗುರುತೂ ಬಂತು. ಚೀಟಿ ಅಂಟಿಸಿದರೆ ವ್ಯಾಪಾರ ಪ್ರಾಮಾಣಿಕ. ಅಂಟಿಸದಿದ್ದರೆ ಅದು ಪತ್ರಿಕೆಗಳಲ್ಲಿ ಕಾಸಿಗಾಗಿ ಸುದ್ದಿ ಎನ್ನುತ್ತಾರಲ್ಲ, ಅದೇ ಜಾತಿ. ಜಾಹೀರಾತನ್ನು ಸುದ್ದಿಯಂತೆ ಅಚ್ಚು ಹಾಕುವ ಆ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿ ಮಾಡಿತ್ತು. ಓದುಗನಿಗೆ ಮೋಸವಾಗುವುದು ಎರಡೂ ಕಡೆ ಒಂದೇ ರೀತಿ.

ದಂಡವೆಂದರೆ ಇಲ್ಲಿ ರೂಪಾಯಿಯಲ್ಲ. ಗಡಿಪಾರು ಎನ್ನುವುದು ಹೆಚ್ಚು ಸರಿ. ಮೊದಲ ಪುಟದಿಂದ ಏಳನೇ ಪುಟಕ್ಕೆ ತಳ್ಳುವುದು, ಅಥವಾ ಪಟ್ಟಿಯಿಂದಲೇ ಕಿತ್ತುಹಾಕುವುದು. ಇದರ ಪ್ರಸಿದ್ಧ ಪ್ರಸಂಗ ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಸಂಸ್ಥೆಯದು. 2010ರ ಕೊನೆಯ ಹಬ್ಬದ ದಿನಗಳಲ್ಲಿ ಉಡುಪು, ಹಾಸಿಗೆ, ಜಮಖಾನೆ ಏನನ್ನು ಹುಡುಕಿದರೂ ಅದೇ ಮೊದಲು ಬರುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತಜ್ಞರೊಬ್ಬರಿಂದ ತನಿಖೆ ಮಾಡಿಸಿದಾಗ, ಅದಕ್ಕೆ ಸಂಬಂಧವೇ ಇಲ್ಲದ ಎರಡು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಅದರತ್ತ ಕೊಂಡಿಗಳಿದ್ದದ್ದು ಬಯಲಾಯಿತು. 2011ರ ಫೆಬ್ರುವರಿಯಲ್ಲಿ ಗೂಗಲ್ ಕ್ರಮ ಕೈಗೊಂಡಿತು. ಒಂದು ಬಗೆಯ ಪ್ರಯಾಣದ ಪೆಟ್ಟಿಗೆಯ ಹುಡುಕಾಟದಲ್ಲಿ ಸಂಜೆ 1ನೇ ಸ್ಥಾನದಲ್ಲಿದ್ದ ಅಂಗಡಿ ಎರಡು ಗಂಟೆಯೊಳಗೆ 71ಕ್ಕೆ ಬಿತ್ತು. ತನಗೆ ಏನೂ ಗೊತ್ತಿಲ್ಲ, ಮಾಡಿದ್ದು ಯಾರೋ ಎಂದಿತು ಕಂಪನಿ. ತನ್ನ ಸಲಹೆಗಾರ ಸಂಸ್ಥೆಯನ್ನು ಮನೆಗೆ ಕಳಿಸಿತು.

ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು ಅದೇ ತಿಂಗಳ ಇನ್ನೊಂದು ಪ್ರಕರಣ. ಓವರ್‌ಸ್ಟಾಕ್ ಎಂಬ ಅಮೆರಿಕದ ಅಂಗಡಿ, ಕಾಲೇಜಿನ ವಿದ್ಯಾರ್ಥಿಗಳಿಗೂ ಉಪನ್ಯಾಸಕರಿಗೂ ಶೇಕಡ 10 ರಿಯಾಯಿತಿ ಕೊಡುತ್ತೇವೆ ಎಂದಿತು. ಬದಲಿಗೆ ಅವರ ವಿಶ್ವವಿದ್ಯಾಲಯದ ತಾಣದಲ್ಲಿ ಅಂಗಡಿಯ ಸರಕುಗಳಿಗೆ ಕೊಂಡಿ ಹಾಕಬೇಕು. ವಿಶ್ವವಿದ್ಯಾಲಯದ ತಾಣಗಳತ್ತ ಊರೆಲ್ಲ ಕೈ ತೋರಿಸುತ್ತದೆ, ಅವುಗಳ ಮಾತಿಗೆ ತೂಕ ಹೆಚ್ಚು. ನೂರಾರು ವರ್ಷದ ವಿದ್ಯಾಸಂಸ್ಥೆಯ ಮರ್ಯಾದೆಯನ್ನು ಹಾಸಿಗೆ ಹೊದಿಕೆಯ ರಿಯಾಯಿತಿಗೆ ಮಾರಿದಂತಾಯಿತು. ಗೂಗಲ್ ಆ ಅಂಗಡಿಯನ್ನು ಸುಮಾರು ಎರಡು ತಿಂಗಳು ಕೆಳಗೆ ತಳ್ಳಿ ಕೂರಿಸಿತು. ಮಾರಿದ ಹುಡುಗರಿಗೆ ತಾವು ಮಾರುತ್ತಿರುವುದು ಏನೆಂದು ಗೊತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ರಿಯಾಯಿತಿ ಸಿಕ್ಕಿತು, ತೆಗೆದುಕೊಂಡರು.

ಪತ್ರಿಕೆಗಳೂ ಈ ಕಳಂಕದಿಂದ ಹೊರತಲ್ಲ. 2013ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹೂವಿನ ವ್ಯಾಪಾರಿ ಸಂಸ್ಥೆ ಇಂಟರ್‌ಫ್ಲೋರಾ ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಲೇಖನದ ರೂಪದ ಜಾಹೀರಾತುಗಳನ್ನು ಹಾಕಿಸಿ, ಅದರೊಳಗೆ ಕೊಂಡಿ ಸೇರಿಸಿತ್ತು. ಶಿಕ್ಷೆ ಕೊಂಡವರಿಗಷ್ಟೇ ಅಲ್ಲ, ಮಾರಿದ ಪತ್ರಿಕೆಗಳಿಗೂ ಆಯಿತು. ಅವುಗಳ ತೂಕವೂ ಇಳಿಯಿತು. ಗೂಗಲ್ ತನ್ನನ್ನು ತಾನೇ ದಂಡಿಸಿಕೊಂಡ ಪ್ರಸಂಗವೂ ಇದೆ. 2012ರ ಜನವರಿಯಲ್ಲಿ ಅದರ ಕ್ರೋಮ್ ತಂತ್ರಾಂಶದ ಪ್ರಚಾರಕ್ಕೆ ಕಾಸು ಕೊಟ್ಟು ಬರೆಸಿದ ಬರಹಗಳಲ್ಲಿ ಗುರುತಿಲ್ಲದ ಕೊಂಡಿಯೊಂದು ಸಿಕ್ಕಿತು. ಕ್ರೋಮ್‌ನ ಪುಟವನ್ನು 60 ದಿನ ಕೆಳಗಿಳಿಸಲಾಯಿತು. ಮಗನಿಗೂ ಬೆತ್ತದ ರುಚಿ ತೋರಿಸಿದ ಮೇಷ್ಟ್ರೆಂದು ಹೊಗಳಿದವರು ಕೆಲವರು, ತೋರಿಕೆಗೆಂದು ನಕ್ಕವರು ಕೆಲವರು.

ಬರಬರುತ್ತ ಕೈಯಿಂದ ಹಿಡಿಯುವ ಕೆಲಸ ಸಾಲದಾಯಿತು. 2012ರ ಏಪ್ರಿಲ್ 24ರಂದು ಪೆಂಗ್ವಿನ್ ಎಂಬ ಸಾಧು ಹೆಸರಿನ ತಂತ್ರವೊಂದನ್ನು ಗೂಗಲ್ ಬಿಟ್ಟಿತು. ಕೃತಕ ಕೊಂಡಿಗಳ ವಾಸನೆ ಹಿಡಿದು ಯಂತ್ರವೇ ತಾಣಗಳನ್ನು ಕೆಳಗಿಳಿಸುವ ವ್ಯವಸ್ಥೆ. ದೊಡ್ಡ ಕಂಪನಿಗಳು ವಕೀಲರನ್ನೂ ತಜ್ಞರನ್ನೂ ಇಟ್ಟುಕೊಂಡು ಎದ್ದು ನಿಂತವು. ಯಾರದೋ ಮಾತು ನಂಬಿ ತಮ್ಮ ತಾಣಕ್ಕೆ ನೂರು ಕೊಂಡಿ ಹಾಕಿಸಿಕೊಂಡ ಸಣ್ಣ ವ್ಯಾಪಾರಿಗಳು ಮಲಗಿದವರು ಏಳಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ಇಂತಿಂಥ ಕೊಂಡಿ ನನಗೆ ಬೇಡ ಎಂದು ತಾಣದವರೇ ಬರೆದುಕೊಡುವ ಅವಕಾಶವನ್ನೂ ಗೂಗಲ್ ಕೊಡಬೇಕಾಯಿತು. 2016ರ ಸೆಪ್ಟೆಂಬರಿನಿಂದ ಪೆಂಗ್ವಿನ್ ಸ್ವಭಾವ ಬದಲಾಗಿದೆ. ಕೊಂಡ ಕೊಂಡಿ ಎಂದು ಅನುಮಾನ ಬಂದರೆ ಸಾಮಾನ್ಯವಾಗಿ ತಾಣವನ್ನು ದಂಡಿಸುವುದಿಲ್ಲ, ಆ ಕೊಂಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊಂಡವನ ದುಡ್ಡು ಸದ್ದಿಲ್ಲದೆ ನೀರಿಗೆ ಹೋಗುತ್ತದೆ. ಮಾರಿದವನು ಅದನ್ನು ಹೇಳುವುದಿಲ್ಲ, ಮುಂದಿನ ತಿಂಗಳ ಕಂತು ಕೇಳುತ್ತಾನೆ. ಕೈಯಾರೆ ವಿಧಿಸುವ ದಂಡ ಮಾತ್ರ ಇಂದಿಗೂ ಇದೆ. ಅದಾದರೆ ತಾಣದ ಒಡೆಯನಿಗೆ ಗೂಗಲ್ಲಿನಿಂದ ತಿಳಿವಳಿಕೆ ಪತ್ರ ಬರುತ್ತದೆ, ಕೊಂಡಿ ಕಿತ್ತು ಮರುಪರಿಶೀಲನೆಗೆ ಅರ್ಜಿ ಹಾಕಬಹುದು.

ದಂಡ ಹಾಕುವ ಅಧಿಕಾರ ಒಂದು ಖಾಸಗಿ ಕಂಪನಿಯ ಕೈಯಲ್ಲಿ ಇರುವುದು ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ. ಹಾಗೆ ನೋಡಿದರೆ ಹುಡುಕಾಟದ ಫಲಿತಾಂಶದಲ್ಲಿ ಪಕ್ಷಪಾತ ಮಾಡಿದ ಕಾರಣಕ್ಕೆ 2018ರ ಫೆಬ್ರುವರಿಯಲ್ಲಿ ಗೂಗಲ್ಲಿಗೇ ಭಾರತದ ಸ್ಪರ್ಧಾ ಆಯೋಗ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಹುಡುಕಾಟದ ಮಾರುಕಟ್ಟೆಯಲ್ಲಿ ಅದು ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ಅಮೆರಿಕದ ನ್ಯಾಯಾಲಯ 2024ರ ಆಗಸ್ಟಿನಲ್ಲಿ ಹೇಳಿತು. ತಕ್ಕಡಿ ಹಿಡಿದವನ ಕೈಯೂ ಪರೀಕ್ಷೆಗೆ ಒಳಪಟ್ಟದ್ದೇ.

ಇಷ್ಟೆಲ್ಲ ದೊಡ್ಡವರ ಕಥೆಯಾಯಿತು. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಇದರಿಂದ ಏನು ಎನ್ನುವವರು ಇನ್ನೊಂದು ಸಂಗತಿ ಗಮನಿಸಬೇಕು. ಕೊಂಡಿಯ ವ್ಯಾಪಾರಿಗೆ ಎಲ್ಲಕ್ಕಿಂತ ರುಚಿಯಾದ ಮೇವು ಶಾಲೆ, ಕಾಲೇಜು ಮತ್ತು ಸರ್ಕಾರದ ತಾಣಗಳು. ಕಾಸು ಕೊಟ್ಟು ಸಿಗದಿದ್ದರೆ ಕದಿಯುತ್ತಾನೆ. 2024ರ ಮೇ ತಿಂಗಳಲ್ಲಿ ಟೆಕ್‌ಕ್ರಂಚ್ ಎಂಬ ಸುದ್ದಿತಾಣ, ಭಾರತದ ಹಲವು ರಾಜ್ಯಗಳ ಸರ್ಕಾರಿ ತಾಣಗಳ ಸುಮಾರು ನಾಲ್ಕು ಡಜನ್ ಪುಟಗಳು ಓದುಗರನ್ನು ಜೂಜಿನ ತಾಣಗಳತ್ತ ಒಯ್ಯುತ್ತಿರುವುದನ್ನು ಪತ್ತೆ ಹಚ್ಚಿತು. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸರ್ಕಾರಿ ವಿಳಾಸದ ಬಾಲ ಇರುವ ಪುಟವನ್ನು ಜನ ನಂಬುತ್ತಾರೆ, ಯಂತ್ರವೂ ನಂಬುತ್ತದೆ. ಆ ನಂಬಿಕೆಯ ಮೇಲೆ ಜೂಜುಕೋರ ಸವಾರಿ ಮಾಡುತ್ತಾನೆ.

ಕದಿಯುವುದಕ್ಕಿಂತ ಸುಲಭವಾದದ್ದು, ಬಿದ್ದದ್ದನ್ನು ಎತ್ತಿಕೊಳ್ಳುವುದು. ಜಾಲತಾಣದ ಹೆಸರು ಯಾರ ಪಿತ್ರಾರ್ಜಿತ ಆಸ್ತಿಯೂ ಅಲ್ಲ. ವರ್ಷಕ್ಕಿಷ್ಟು ಎಂದು ಬಾಡಿಗೆ ಕಟ್ಟಬೇಕು. ಒಂದು ಹೈಸ್ಕೂಲಿಗೆ ಐವತ್ತು ವರ್ಷ ತುಂಬಿತು ಎನ್ನುವಾಗ ಹಳೆಯ ವಿದ್ಯಾರ್ಥಿಗಳು ಸೇರುತ್ತಾರೆ. ಒಬ್ಬ ಉತ್ಸಾಹಿ ಶಾಲೆಯ ಹೆಸರಿನಲ್ಲಿ ತಾಣ ಮಾಡಿಸುತ್ತಾನೆ. ಸಂಭ್ರಮದ ಚಿತ್ರಗಳು, ನಿವೃತ್ತ ಗುರುಗಳ ಪರಿಚಯ, ದಾನಿಗಳ ಪಟ್ಟಿ ಎಲ್ಲವೂ ಅದರಲ್ಲಿ. ಊರಿನ ತಾಣಗಳು, ಪತ್ರಿಕೆಗಳು ಅದಕ್ಕೆ ಕೊಂಡಿ ಕೊಡುತ್ತವೆ. ಮೂರು ವರ್ಷವಾಗುವಷ್ಟರಲ್ಲಿ ಉತ್ಸಾಹಿ ಪರದೇಶದಲ್ಲಿ, ಬಾಡಿಗೆಯ ನೆನಪೋಲೆ ಯಾರೂ ತೆರೆಯದ ಇ-ಮೇಲಿನಲ್ಲಿ. ಅವಧಿ ಮುಗಿಯುತ್ತದೆ. ಸ್ವಲ್ಪ ಕಾಲ ಕಾದು ಆ ಹೆಸರನ್ನು ಬಹಿರಂಗಕ್ಕೆ ಬಿಡುತ್ತಾರೆ. ಇಂಥವನ್ನು ಹೆಕ್ಕುವುದೇ ಕಸುಬಾದವರು ಕಾದಿರುತ್ತಾರೆ. ಅವರಿಗೆ ಶಾಲೆ ಬೇಕಿಲ್ಲ, ಶಾಲೆಯತ್ತ ಕೈ ತೋರಿಸುತ್ತಿರುವ ಆ ಹಳೆಯ ಕೊಂಡಿಗಳು ಬೇಕು. ಮರುವಾರ ಅದೇ ವಿಳಾಸ ಒತ್ತಿದರೆ ಇಸ್ಪೀಟು ಎಲೆಗಳು ತೆರೆದುಕೊಳ್ಳುತ್ತವೆ. ಇದು ಬರಿಯ ಕಲ್ಪನೆಯಲ್ಲ. 2024ರ ಮಾರ್ಚಿನಲ್ಲಿ ಗೂಗಲ್ ಇದನ್ನೂ ಅಪರಾಧಗಳ ಪಟ್ಟಿಗೆ ಸೇರಿಸಿತು. ಅದರ ನಿಯಮಾವಳಿಯಲ್ಲಿ ಕೊಟ್ಟ ಉದಾಹರಣೆಗಳಲ್ಲೊಂದು, ಹಿಂದೆ ಪ್ರಾಥಮಿಕ ಶಾಲೆಯದಾಗಿದ್ದ ತಾಣದಲ್ಲಿ ಜೂಜಿನ ಸರಕು.

ಅದೇ ಸಲ ಸೇರಿದ ಇನ್ನೊಂದು ಅಪರಾಧದ ಉದಾಹರಣೆಯೂ ವಿದ್ಯಾಸಂಸ್ಥೆಯದೇ. ನಂಬಿಕಸ್ತ ಶೈಕ್ಷಣಿಕ ತಾಣವೊಂದು ತನ್ನ ಪುಟಗಳನ್ನು ಕೈಸಾಲದ ಕಂಪನಿಗಳ ಗುಣಗಾನಕ್ಕೆ ಬಾಡಿಗೆ ಕೊಡುವುದು. ಖರ್ಚು ತೂಗಿಸಲು ಹೆಣಗುವ ಸಣ್ಣ ಕಾಲೇಜಿಗೆ ಒಂದು ದಿನ ಇ-ಮೇಲ್ ಬರುತ್ತದೆ: ನಿಮ್ಮ ತಾಣದಲ್ಲಿ ನಮ್ಮದೊಂದು ಲೇಖನ ಹಾಕಿ, ಇಷ್ಟು ಡಾಲರು ಕೊಡುತ್ತೇವೆ. ಲೇಖನ ನೋಡಿದರೆ ನಿರುಪದ್ರವಿ, ವಿದ್ಯಾರ್ಥಿಗಳಿಗೆ ಸಮಯಪಾಲನೆ ಎಂಬಂಥದ್ದೇ ಏನೋ. ಮಧ್ಯದಲ್ಲಿ ಎಲ್ಲೋ ಒಂದು ಕಡೆ, ಸಾಲದ ಆಪ್‌ಗೆ ಕೊಂಡಿ. ಗಣಕ ವಿಭಾಗದ ತರುಣ ಉಪನ್ಯಾಸಕರಿಗೆ ಇದು ಲಾಭವೆಂದು ತೋರಿದರೆ ಆಶ್ಚರ್ಯವಿಲ್ಲ. ಈ ಬಗೆಯ ಲೇಖನ ಬರೆಯುವ, ಅಲ್ಲಲ್ಲಿ ಕೊಂಡಿ ಅಂಟಿಸಿ ಬರುವ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಅರೆಕಾಲಿಕ ಉದ್ಯೋಗವೆಂದು ಪದವಿ ಓದುವ ಹುಡುಗರಿಗೆ ಕೊಡುವುದೂ ಉಂಟು. ಕೆಲಸಕ್ಕೆ ಸೇರುವ ಮೊದಲು, ಹಾಕುವ ಕೊಂಡಿಗೆ ಸ್ಪಾನ್ಸರ್ಡ್ ಗುರುತು ಹಚ್ಚುತ್ತೀರಾ ಎಂದು ಕೇಳಿ ನೋಡಬೇಕು. ಕೊಟ್ಟವನ ಮುಖ ಹುಳ್ಳಗಾದರೆ ಕಸುಬು ಯಾವುದೆಂದು ಗೊತ್ತಾಗುತ್ತದೆ.

ಹೊಲದ ಬದುವಿನಲ್ಲಿ ನಿಂತ ಅಪ್ಪ ಮಗನ ಕಡೆಗೆ ಮತ್ತೆ ಬಂದರೆ, ಅವರ ಮುಂದಿರುವ ಪಟ್ಟಿಯಲ್ಲಿ ಮೂರು ಬಗೆಯ ಹೆಸರುಗಳು ಬೆರೆತಿರುತ್ತವೆ. ಮೇಲೆಯೇ ಸಣ್ಣ ಅಕ್ಷರದಲ್ಲಿ ಪ್ರಾಯೋಜಿತ ಎಂದಿದ್ದರೆ ಅದು ನೇರ ಜಾಹೀರಾತು. ಗೂಗಲ್ಲಿಗೇ ಕಾಸು ಕೊಟ್ಟು ನಿಂತದ್ದು. ಮುಚ್ಚುಮರೆಯಿಲ್ಲ. ತೂಕದಿಂದ ಮೇಲೆ ಬಂದವು ಇನ್ನು ಕೆಲವು. ಕೊಂಡ ಕೊಂಡಿಯ ಏಣಿ ಹತ್ತಿ, ಇನ್ನೂ ಸಿಕ್ಕಿಬೀಳದೆ ನಿಂತವೂ ಅವುಗಳ ನಡುವೆಯೇ ಇರಬಹುದು. ಎರಡನೆಯದಕ್ಕೂ ಮೂರನೆಯದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು. ರಾಜ್ಯದ ಅತ್ಯುತ್ತಮ ಹತ್ತು ಕಾಲೇಜುಗಳು ಎಂಬ ಪಟ್ಟಿಯೊಂದು ಸಿಕ್ಕಿದರೆ, ಆ ಹತ್ತನ್ನು ಆರಿಸಿದವರು ಯಾರು, ಅವರ ಹೊಟ್ಟೆಪಾಡು ಯಾವುದು ಎಂದು ಕೇಳುವುದು ತಪ್ಪಲ್ಲ.

ಹಾಗಾಗಿ ತಾಣದ ಸ್ಥಾನ ನೋಡುವುದಕ್ಕಿಂತ ಹಿಂದಿನಿಂದ ಬರುವುದು ಮೇಲು. ಫಲಿತಾಂಶ ನೋಡಲು ಹತ್ತು ತಾಣ ಪೈಪೋಟಿಗೆ ಬಿದ್ದು ಕರೆದರೂ ಸರ್ಕಾರದ್ದು ಕೆಎಆರ್‌ರಿಸಲ್ಟ್ಸ್ ಡಾಟ್ ಎನ್‌ಐಸಿ ಡಾಟ್ ಇನ್. ವಿಳಾಸವನ್ನು ಕೈಯಾರೆ ಬರೆದರೆ ಯಾವ ಶೋಧಯಂತ್ರದ ಹಂಗೂ ಇಲ್ಲ. ನರ್ಸಿಂಗ್ ಕಾಲೇಜು ಎಂದರೆ ಕಾಲೇಜಿನ ತಾಣದಲ್ಲಿ ಹಾಕಿಕೊಂಡ ಮಾನ್ಯತೆಯ ಮುದ್ರೆ ಸಾಲದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ನೋಡಬೇಕು. ವಿಶ್ವವಿದ್ಯಾಲಯ ಎಂದು ಹೇಳಿಕೊಂಡರೆ ಯುಜಿಸಿಯ ಪಟ್ಟಿ ಇದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಅದು ಪ್ರಕಟಿಸುತ್ತದೆ. ಎಸಿ ಡಾಟ್ ಇನ್, ಇಡಿಯು ಡಾಟ್ ಇನ್ ಎಂದು ಕೊನೆಯಾಗುವ ವಿಳಾಸಗಳನ್ನು ಎರ್ನೆಟ್ ಇಂಡಿಯಾ ಎಂಬ ಸರ್ಕಾರಿ ಸಂಸ್ಥೆ ವಿದ್ಯಾಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ. ಡಾಟ್ ಕಾಮ್ ಆದರೆ ಬೆಳಿಗ್ಗೆ ಎದ್ದು ಯಾರು ಬೇಕಾದರೂ ಕೊಳ್ಳಬಹುದು. ಕೋಚಿಂಗ್ ಕೇಂದ್ರಗಳ ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಪಾಸಾದ ವಿದ್ಯಾರ್ಥಿಯ ಫೋಟೋ ಹಾಕಬೇಕಾದರೂ, ಅವನು ಆಯ್ಕೆಯಾದ ಮೇಲೆ ಲಿಖಿತ ಒಪ್ಪಿಗೆ ಪಡೆದಿರಬೇಕು. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಇನ್ನು ಆ ನಾಲ್ಕು ಊರಿನ ಲೆಕ್ಕ ಒಂದು ಹೆಜ್ಜೆ ಬಾಕಿ ಇದೆ. ಪಾವಗಡದವರು ಕೊಂಡದ್ದು ತಿಳಿದು ಕೊರಟಗೆರೆಯವರೂ ಕೊಳ್ಳುತ್ತಾರೆ, ಶಿರಾದವರು ಸುಮ್ಮನಿರುತ್ತಾರೆಯೇ, ಕೊನೆಗೆ ಮಧುಗಿರಿಯವರೂ ಇಳಿಯುತ್ತಾರೆ. ಎಲ್ಲರೂ ಎಲ್ಲರಿಂದಲೂ ಕೊಂಡಾದ ಮೇಲೆ ಸಮೀಕರಣ ಬಿಡಿಸಿದರೆ ಉತ್ತರ 25, 25, 25, 25. ಅಲೆಮಾರಿ ನಾಲ್ಕೂ ಕಡೆ ಸಮನಾಗಿ ಕಾಲ ಕಳೆಯುತ್ತಾನೆ. ಯಾವುದು ಮೇಲು ಎಂದು ಕೇಳಿದರೆ ಯಂತ್ರಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಮನೆಯಲ್ಲಿ ಕಾಗದ ಪೆನ್ಸಿಲ್ಲು ಹಿಡಿದು ಮಾಡಿ ನೋಡುವ ಹುಡುಗ ಹುಡುಗಿಯರು ಐದನೆಯ ತಾಣವೊಂದನ್ನು ಸೇರಿಸಿ, ಅದು ಎಲ್ಲರಿಂದ ಕೊಂಡಿ ಪಡೆದು ಯಾರಿಗೂ ಕೊಡದೆ ಇದ್ದರೆ ಏನಾಗುತ್ತದೆ ಎಂದೂ ನೋಡಬಹುದು. ಅಲೆಮಾರಿ ಅಲ್ಲಿ ಸಿಕ್ಕಿಬೀಳುತ್ತಾನೆ. ಅವನನ್ನು ಹೊರಗೆ ತರಲು ಪೇಜ್ ಮತ್ತು ಬ್ರಿನ್ ಬೇರೆ ಉಪಾಯ ಮಾಡಬೇಕಾಯಿತು.

ಶಾಲೆಯ ಕಟ್ಟಡದ ದುರಸ್ತಿ, ಬಿಸಿಯೂಟದ ಅಕ್ಕಿ, ಕುಡಿಯುವ ನೀರು ಎಲ್ಲವೂ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರುತ್ತವೆ. ಶಾಲೆಯ ಹೆಸರಿನ ಜಾಲತಾಣ ಇದ್ದರೆ, ಅದರ ಬಾಡಿಗೆ ಕಟ್ಟಬೇಕಾದ ತಾರೀಖು, 'ಗುಪ್ತಪದ' ಇರುವವರ ಹೆಸರು ಮಾತ್ರ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಹೆಡ್‌ಮಾಸ್ಟರ ಕೊಠಡಿಯ ಗೋಡೆ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಗೀಟು ಹಾಕುವ ಪೆನ್ನಿನಲ್ಲೇ, ಆ ತಾರೀಖಿಗೂ ಒಂದು ಸುತ್ತು ಹಾಕಿಡಬಹುದು.